ನಡಪಟ್ಟಿ

ಮುಂಡ್ರಗಿ ಶೆಡ್ಡಿನಾಗ ದಿನಕ್ಕ ಮುನ್ನೂರು ನಡಪಟ್ಟಿ ಹೊಲೀತೀನಿ,
ಸಣ್ಣ ಹುಡುಗರ ಜೀನ್ಸಿಗೆ, ಹಿಂದಿನ ಅರ್ಧಕ್ಕ ಎಲಾಸ್ಟಿಕ್.
ಹೊಲಿಯೂ ಮುಂದ ಎಳೆದು ಹಿಡೀಬೇಕು,
ಬಿಟ್ಟರ ಬಟ್ಟಿ ತಾನಽ ನಿರಿಗಿ ಆಗ್ತತಿ.
ಹದಿನಾಕು ವರ್ಷ ಕೈ ಕಲಿತದ್ದು ಇದು.
ಅದಕ್ಕ ಡಾಕ್ಟರಮ್ಮ ಬಾಯಿ ತೆಗೆದಾಗ
ಅರ್ಧ ತಿಳಿದಽ ಇತ್ತು ನನಗ.

"ಚರ್ಮದಾಗ ರಬ್ಬರಿನಂಥಾ ಎಳಿ ಇರ್ತಾವ.
ಇವಳಿಗೂ ಅದಾವ.
ಹಿಡಿದು ಕೂಡಿಸೋ ನೂಲು ಇಲ್ಲ ಅಷ್ಟ.
ಫಿಬ್ಯುಲಿನ್ ಅಂತಾರ ಅದಕ್ಕ.
ಅದನ್ನ ಹೆಂಗ ಮಾಡಬೇಕಂತ ಬರೆದ ಜೀನಿನಾಗ
ಒಂದಕ್ಷರ ತಪ್ಪೇತಿ."
ಒಂದಽ?
"ಒಂದಽ. ಆದರ ಎರಡೂ ಪ್ರತಿಯೊಳಗ."

ಒಂದು ಪ್ರತಿ ನಂದು, ಒಂದು ಎರ್ರೆಪ್ಪಂದು.
ಎರ್ರೆಪ್ಪ ನಮ್ಮವ್ವನ ಕಡೀ ತಮ್ಮ.
ಬಂಗಾರ ಮನಿಯಾಗಽ ಇರಲಿ ಅಂತ ಕಟ್ಟಿದ್ರು,
ಬಂಗಾರದ ಜೊತಿ ಇದೂ ಮನಿಯಾಗ ಉಳೀತು.
ಆಸ್ಪತ್ರಿ ಬೆಂಚಿನ ಮ್ಯಾಲೆ ಕುಂತು
ಇಬ್ಬರೂ ಮುಂಗೈ ಚರ್ಮ ಎಳಕೊಂಡು ನೋಡಿದ್ವಿ.
ಪಟ್ಟಂತ ಹಿಂದಕ್ಕ ಹೋತು.
ನಾಚಿಕಿ ಬಂತು.

ಅಜ್ಜಿ ಹೆಸರಿಟ್ಟಿದ್ವಿ, ಸುಂಕಮ್ಮ.
ಹೆಸರಿನ ಬೆನ್ನಽ ಕೆನ್ನಿನೂ ಇಳಿದು ಬಂದ್ವು.
ಆಧಾರ್ ಮಾಡಸಾಕ ಹೋದಾಗ ಕಂಪ್ಯೂಟರಿನ ಹುಡುಗ
ತೆರಿ ಮ್ಯಾಲಿನ ಮುಖ ನೋಡಿ, ತಲಿ ಎತ್ತದಽ,
"ಬೆರಳಿಡು ಅಜ್ಜೀ" ಅಂದ.
ಅಕೀಗೆ ಆಗ ಒಂಬತ್ತು. ಗೊಗ್ಗರ ದನೀಲೆ,
"ಇಟ್ಟೀನಿ ಮೊಮ್ಮಗನ, ಆಶೀರ್ವಾದನೂ ಬೇಕೇನು?"

ಓಣ್ಯಾಗ ಗದ್ದದ ಚರ್ಮ ಎಳೆದು
ಬಾವಲಿ ಆಗ್ತಾಳ, ಆನಿ ಆಗ್ತಾಳ,
ಅಮೀನಪ್ಪ ಮಾಸ್ತರೂ ಆಗ್ತಾಳ.
ಒಂದಾಟಕ್ಕ ಎರಡು ಪೆಪ್ಪರ್‌ಮಿಂಟು.
ಓಡಿದರ ಮಾತ್ರ
ಎದಿಯೊಳಗ ಹೋದ ಗಾಳಿ ಹೊರಬೀಳಾಕ ಒಲ್ಲೆಂತತಿ.
ಅಲ್ಲೂ ಬೇಕಂತ ಆ ನೂಲು.
ಇದನ್ನ ಯಾರೂ ಮೊದಲು ಹೇಳಿರಲಿಲ್ಲ.

ರಾತ್ರಿ ಕರೆಂಟ್ ಹೋದಾಗ ಫ್ಯಾನಿನ ಸಪ್ಪಳ ನಿಂತು
ಅಕೀ ಉಸಿರು ಕೇಳ್ತತಿ.
ಒಳಗ.
ನಾನೂ ಹಿಡೀತೀನಿ ನಂದು.
ಹೊರಗ.

ದಿನಾ ಇಷ್ಟು ಎಲಾಸ್ಟಿಕ್ ಹೊಲಿದು
ಮಗಳ ಲಂಗಕ್ಕ ಲಾಡಿ ಯಾಕ ಹಾಕ್ತೀ ಅಂತ
ಪಕ್ಕದ ಮಷೀನಿನ ಖಾಜಾಬಿ ಕೇಳಿದಳು.
ಏನೋ ಒಂದು ಹೇಳಿದೆ.

ಮುಂಜಾನೆ ಸಾಲಿಗೆ ಹೊಂಟು ಬಾಗಲಾಗ ನಿಂತು
ನಾಲಿಗಿ ತುದಿ ಹೊರಗ ಹಾಕಿ, ಲಾಡಿ ಎಳೆದು,
ಒಂದು ಗಂಟು, ಅದರ ಮ್ಯಾಲೊಂದು.
"ಬಿಗೀ ಆತಬೇ," ಅಂತಾಳ,
ಮತ್ತ ಒಂದೀಟು ಸಡಲ ಮಾಡಿಕೋತಾಳ.