ದಶಿ

ಕೊಲ್ಲುವುದು ಸುಲಭ, ಒಂದು ಹನಿ ಸ್ಪಿರಿಟ್ ಸಾಕು.
ಕಷ್ಟವಿರುವುದು ರೆಕ್ಕೆ ಬಿಡಿಸುವುದರಲ್ಲಿ.
ಸತ್ತಮೇಲೆ ಬೆನ್ನಿಗೆ ಮಡಚಿಕೊಂಡುಬಿಡುತ್ತವೆ,
ಟ್ರಂಕಿನ ತಳದ ಇಳಕಲ್ ಸೀರೆಯಂತೆ.
ಉಸಿರು ಹಿಡಿದು, ಸೂಜಿಯಲ್ಲಿ, ಒಂದೊಂದೇ.
ಫ್ಯಾನು ಹಚ್ಚುವಂತಿಲ್ಲ;
ಧಾರವಾಡದಲ್ಲಿ ಚಿತ್ತಿ ಮಳೆ ಹೋದಮೇಲಿನ ಸೆಖೆ.

ಇಪ್ಪತ್ತೆರಡು ವರ್ಷ ಇದೇ ಸ್ಟೂಲು.
ಪುಸ್ತಕ ಇದಕ್ಕೆ ರೆಕ್ಕೆ ಅನ್ನುತ್ತದೆ.
ನಾನು ಬೆಟಗೇರಿಯ ಮಗ್ಗದ ಮನೆಯವಳು,
ನನಗಿದು ದಶಿ:
ನಡುವೆ ಒಂದು ಕಡ್ಡಿ,
ಎರಡೂ ಬದಿಗೆ ನೇಯದೆ ಬಿಟ್ಟ ಎಳೆ.
ಬಟ್ಟೆಯೇ ಇಲ್ಲ, ಬರೀ ಅಂಚು.
ಇಷ್ಟರ ಮೇಲೆ ಹಾರುತ್ತದೆ.
ಹಾರುತ್ತದೆ ಅನ್ನಬೇಕೋ,
ಗಾಳಿ ಒಯ್ದಲ್ಲಿ ಹೋಗುತ್ತದೆ ಅನ್ನಬೇಕೋ.

ಹತ್ತಿಯ ಜಿಗಿಹುಳದ್ದು ಹೀಗಲ್ಲ.
ಎಲೆಯಷ್ಟೇ ಹಸಿರು, ರೆಕ್ಕೆತುದಿಗೆ ಒಂದೊಂದು ಕಪ್ಪು ಬೊಟ್ಟು,
ದೃಷ್ಟಿ ತಾಗದಿರಲೆಂದು ಇಟ್ಟ ಹಾಗೆ.
ಹೊಸ ಹುಡುಗರೂ ಗುರುತಿಸುತ್ತಾರೆ.
ಬಿಳಿನೊಣದ ಮೇಲೆ ಗಿರಣಿಯವನ ಹುಬ್ಬಿನ ಹಿಟ್ಟು.
ಹೇನಿಗೆ ಬೇಕಾದಾಗ ರೆಕ್ಕೆ, ಬೇಡಾದಾಗ ಇಲ್ಲ.
ಪುಣ್ಯವಂತರು.

ನಿನ್ನೆ ಯರಗುಪ್ಪಿಯ ಫಕ್ಕೀರವ್ವ
ರೊಟ್ಟಿ ಡಬ್ಬಿಯಲ್ಲಿ ಮೆಣಸಿನ ಹೂ ತಂದಿದ್ದಳು.
"ಹಳೇ ಹುಳಾನ ಇದ್ರ ಹಳೇ ಎಣ್ಣೀನ ಹೊಡೀತೇನಿ.
ಹೊಸಾದಿದ್ರ ಲಗೂನ ಹೇಳ್ರಿ,
ನಾಕಕ್ಕ ಬಸ್ಸೈತಿ."

ಬಿಳಿ ಹಾಳೆಯ ಮೇಲೆ ಹೂ ಕೊಡವಿದೆ.
ಅಲ್ಪವಿರಾಮಗಳು ದಿಕ್ಕಾಪಾಲಾಗಿ ಓಡಿದವು.

ಮೊದಲ ಸ್ಲೈಡಿನಲ್ಲಿ ಗುಳ್ಳೆ ಕೂತಿತು.
ಎರಡನೆಯದಕ್ಕೆ ನಾನು ಸೀನಿದೆ.
ಮೂರನೆಯದು ಬಂತು.

ಹಳೆಯದು ತೆಳು ಹಳದಿ. ಅದರ ಎರಡನೇ ನರದ ಮೇಲೆ
ಎರಡೇ ಎರಡು ರೋಮ, ದೂರ ದೂರ,
ಮಾತು ಬಿಟ್ಟ ವಾರಗಿತ್ತಿಯರು.
ಇದು ಕಂದು, ಬುಡ ಮಾತ್ರ ಬಿಳಚು,
ಎರಡೂ ನರದ ಮೇಲೆ ತುಂಬಿದ ಸಾಲು.
ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.
ಅಜ್ಜಿ ಕರೆಂಟು ಹೋದಾಗಲೂ ಬೆರಳಲ್ಲೇ ಎಣಿಸುತ್ತಿದ್ದಳು.
ತಪ್ಪಿದ ಎಳೆ ಉಗುರಿಗೆ ತಾಗಿದರೆ, "ಇಲ್ಲೈತಿ ನೋಡ."
ನನಗೆ ನಾನೂರು ಪಟ್ಟು ಬೇಕು, ಚಾಳೀಸೂ ಬೇಕು.

"ಹೊಸಾದು" ಅಂದೆ.
"ನಾನೂ ಒಂಚೂರು ನೋಡ್ಲೇನ್ರೀ?"
ಸೆರಗು ಒಂದು ಕೈಯಲ್ಲಿ ಹಿಡಿದು ಬಗ್ಗಿದಳು.
ಬಹಳ ಹೊತ್ತು ಏಳಲಿಲ್ಲ.
"ಇಂಥಾದಕ್ಕೂ ಇಷ್ಟು ಚಂದ ಮಾಡ್ಯಾನಲ್ರೀ,
ಕೆಲಸಿಲ್ಲದಾವ!"
ಡಬ್ಬಿಯ ಮುಚ್ಚಳ ಬಿಗಿದು ಬಸ್ಸಿಗೆ ಓಡಿದಳು.

ಲೇಬಲ್ಲಿಗೆ ಬರೆದೆ:
ಮೆಣಸಿನ ಹೂ, ಯರಗುಪ್ಪಿ, ತಾರೀಕು.
'ಹಿಡಿದವರು' ಎಂಬಲ್ಲಿ ನನ್ನ ಹೆಸರು ಹಾಕುವುದು ರೂಢಿ.
ಪೆನ್ನು ತುಸು ಹೊತ್ತು ನಿಂತಿತು.
ಫಕ್ಕೀರವ್ವ, ಎಂದು ಬರೆದೆ.
ಅಡ್ಡಹೆಸರು ಕೇಳಿರಲಿಲ್ಲ;
ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.