ಖಾಲಿ ಮೇಣ

ಐದು ಮೈಕ್ರಾನ್.
ಒಂದು ಕೂದಲನ್ನು ಉದ್ದಕ್ಕೆ ಹದಿನೈದು ಪದರ ಸೀಳಿದರೆ
ಒಂದು ಪದರ ಎಷ್ಟೋ ಅಷ್ಟು.
ಅಷ್ಟು ತೆಳ್ಳಗೆ ಮಿದುಳು ಕೊಯ್ಯುವುದು ನನ್ನ ಕೆಲಸ,
ಇಪ್ಪತ್ತೊಂಬತ್ತು ವರ್ಷ, ಬಳ್ಳಾರಿಯಲ್ಲಿ,
ರಸ್ತೆ ಕಡೆ ಕಿಟಕಿಯಿದ್ದ ಕೋಣೆಯಲ್ಲಿ.
ಕೊಯ್ದದ್ದು ರಿಬ್ಬನ್ನಿನಂತೆ ಅಲಗಿನಿಂದ ಇಳಿಯುತ್ತದೆ,
ಬೆಚ್ಚಗಿನ ನೀರಿಗೆ ಬಿಟ್ಟರೆ ಸುಕ್ಕು ಬಿಡಿಸಿಕೊಂಡು ಮಲಗುತ್ತದೆ.
ಮಾತಾಡಿದರೆ ಹಾರುತ್ತದೆ.
ಅದಕ್ಕೇ ನಾನು ಮಾತು ಕಡಿಮೆ. ಮನೆಯಾಕೆ ಇದಕ್ಕೂ ಬೈದಿದ್ದಾಳೆ.

ಕನ್ಯಕಾ ಮೇಡಂ ಬ್ರೂಸ್‌ಪೇಟೆಯವರು, ಶೇಂಗಾ ಮಂಡಿಯ ಮೊಮ್ಮಗಳು.
ಅವರಜ್ಜ ತಕ್ಕಡಿಯ ಮುಳ್ಳು ನಿಲ್ಲುವ ತನಕ
ಚೀಲಕ್ಕೆ ಕೈ ಹಚ್ಚುತ್ತಿರಲಿಲ್ಲವಂತೆ.
ಮೊಮ್ಮಗಳು ತೂಗಿದ್ದು ಕಬ್ಬಿಣ:
ಮಿದುಳಿನ ಬುಡದಲ್ಲಿ, ಕೈ ನಡುಗುವವರಿಗೆ
ಕಪ್ಪು ಮಾಸಿಹೋಗುವ ಆ ಜಾಗದಲ್ಲಿ
ಎಷ್ಟು ಕೂತಿದೆ, ಯಾಕೆ ಕೂತಿದೆ.

ಕಬ್ಬಿಣ ತೋರಿಸುವ ಬಣ್ಣ ನೀಲಿ.
ಹೊರಗೆ ಕೆಂಪಾಗಿ ಹಾರುವುದೇ
ದ್ರಾವಣ ಬಿದ್ದರೆ ಗಾಜಿನ ಮೇಲೆ ನೀಲಿ.
ಗೊತ್ತಿದ್ದೂ ಯಾರಿಗೂ ಹೊಳೆಯಲಿಲ್ಲ.

ಅದಿರಿನ ಲಾರಿ ಹಗಲೂ ರಾತ್ರಿ ಓಡುತ್ತಿದ್ದ ಕಾಲ.
ಬೇವಿನೆಲೆ ಕೆಂಪು, ಎಮ್ಮೆ ಕೆಂಪು,
ಒಣಹಾಕಿದ ಪಂಚೆ ಸಂಜೆಗೆ ಕೆಂಪು.
ಲಾರಿ ಡ್ರೈವರುಗಳ ಮಿದುಳಲ್ಲಿ ನೀಲಿ ಚುಕ್ಕೆ ಹೆಚ್ಚೆಂದು
ಮೇಡಂ ಬರೆದರು. ಸ್ವೀಡನ್ನಿನಿಂದ ಪತ್ರ ಬಂತು,
ಪುಣೆಯಿಂದ ಶಾಲು ಬಂತು.
ಪೇಪರಿನವರು ಫೋಟೋ ತೆಗೆದರು, ಹಿಂದೆ ನಾನಿದ್ದೆ.
ಕೊಯ್ಯುವವನನ್ನೇ ಕೊಯ್ದು ಅಚ್ಚು ಹಾಕಿದರು.

ಮಾರ್ಚಿನ ಮಧ್ಯಾಹ್ನ. ಕರೆಂಟಿಲ್ಲ, ಕಿಟಕಿ ತೆರೆದಿದೆ.
ಹೊಸ ಅಲಗು ನೋಡೋಣವೆಂದು ಬರೀ ಮೇಣ ಕೊಯ್ದಿದ್ದೆ,
ಒಳಗೆ ಯಾರ ಮಿದುಳೂ ಇಲ್ಲ.
ಕೈತಪ್ಪಿ ಅದೂ ಬಣ್ಣದ ತೊಟ್ಟಿಗೆ ಹೋಯಿತು.
ಹೊರಬಂದಾಗ
ಹನ್ನೊಂದು ನೀಲಿ ಚುಕ್ಕೆ.

ಎರಡು ದಿನ ಅಂಗಿ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.
ಬಿಸಾಕಬಹುದಿತ್ತು. ಗಾಜು, ಒಡೆಯುತ್ತದೆ.
ಮೂರನೆಯ ದಿನ ಮೇಜಿನ ಮೇಲಿಟ್ಟು
'ಮೇಡಂ, ಇದ್ರಾಗ ಯಾರೂ ಇಲ್ರೀ' ಅಂದೆ.

ನೋಡಿದರು. ಗಾಜು ಸರಿಸಿ ಮತ್ತೆ ನೋಡಿದರು.
ಎದ್ದು ಕಿಟಕಿ ಕಟ್ಟೆಯ ಮೇಲೆ ಬೆರಳಾಡಿಸಿ
ಬೆರಳನ್ನೇ ನೋಡುತ್ತ ನಿಂತರು.
'ಡ್ರೈವರ್‌ಗಳದ್ದು ಯಾವಾಗ ಕೊಯ್ದ್ರಿ?'
'ಬ್ಯಾಸಿಗ್ಯಾಗ.'
'ಉಳಿದದ್ದು?'
'ಮಳಿ ಹತ್ತಿದ ಮ್ಯಾಲೆ.'
ಚಹಾ ತರಿಸಿದರು. ಇಬ್ಬರೂ ಕುಡಿಯಲಿಲ್ಲ.

ಲೇಖನ ವಾಪಸು ಪಡೆದರು.
ಜೊತೆಗೆ ಬರೆದವರೊಬ್ಬರು ಮಾತು ಬಿಟ್ಟರು, ದೆಹಲಿಯ ದುಡ್ಡು ನಿಂತಿತು.
ಆ ವರ್ಷ ಮೇಡಂ ಬರೆದದ್ದು ಆರೇ ಪುಟ:
ಧೂಳು ಯಾವ ದಾರಿಯಲ್ಲಿ ಬರುತ್ತದೆ,
ನೀರಿನ ತೊಟ್ಟಿಗೆ ಮುಚ್ಚಳ ಯಾಕೆ,
ಇಪ್ಪತ್ತು ಗಾಜಿಗೊಂದು ಖಾಲಿ ಮೇಣ ಯಾಕೆ.
ಕೊನೆಗೆ ನನಗೊಂದು ಕೃತಜ್ಞತೆ. ನನ್ನ ಹೆಸರು ಎರ್ರಿಸ್ವಾಮಿ,
ಅವರ ಯಂತ್ರ ತಿದ್ದಿ ಅಚ್ಚಾದದ್ದು ಎರರ್ ಸ್ವಾಮಿ.
ಮೇಡಂ ಪತ್ರ ಬರೆಯಹೊರಟರು. ಇರ್ಲಿ ಬಿಡ್ರಿ ಅಂದೆ.
ಎರ್ರಿ ಅಂದರೆ ಇಲ್ಲಿ ಅರೆಹುಚ್ಚ,
ತಪ್ಪಿನಿಂದ ಬಹಳ ದೂರವೇನಲ್ಲ.

ಅವರ ಎಂಬತ್ತು ಚಿಲ್ಲರೆ ಲೇಖನಗಳಲ್ಲಿ
ಲೋಕ ಹೆಚ್ಚು ಉಲ್ಲೇಖಿಸಿದ್ದು ಆ ಆರು ಪುಟ.
ನಿವೃತ್ತಿಯ ದಿನ ಹುಡುಗರು ಪರದೆಯ ಮೇಲೆ ತೋರಿಸಿದರು,
ಸಾವಿರದ ನಾಲ್ಕುನೂರು ಕಡೆ.
ಒಸಾಕಾ, ಲಿಮಾ, ಹೆಸರು ತಿರುಗದ ಯಾವುದೋ ಹಿಮದ ಊರು.
ಅಲ್ಲೆಲ್ಲ ನನ್ನಂಥವನೊಬ್ಬ
ಮಿದುಳಿಲ್ಲದ ಮೇಣ ಕೊಯ್ದು, ಬಣ್ಣ ಕುಡಿಸಿ, ಬೆಳಕಿಗೆ ಹಿಡಿದು
ಏನೂ ಕಾಣದಿರಲಿ ಎಂದು ನೋಡುತ್ತಾನೆ.

ಚಪ್ಪಾಳೆಯ ನಡುವೆ ಮೇಡಂ ನನ್ನ ಕಡೆ ಬಾಗಿ
'ಡ್ರೈವರ್‌ಗಳ ಪ್ರಶ್ನೆ ಹಂಗೇ ಉಳೀತಲ್ಲ' ಅಂದರು.

ಕಪಾಟಿನಲ್ಲಿ ಅವರ ಮೇಣದ ಗಟ್ಟಿಗಳು ಇನ್ನೂ ಇವೆ,
ಮೂವತ್ತೊಂದು, ಹೆಸರಿಲ್ಲ, ನಂಬರು.
ಏಳನೆಯವನು ಯಾರೆಂದು ನನಗೆ ಗೊತ್ತು, ಹೇಳುವುದಿಲ್ಲ.
ಸೋಮವಾರ ಹೋಗಿ ಮೊದಲು
ಕಿಟಕಿಯ ಸಂದಿಗೆ ಹಸಿ ಬಟ್ಟೆ ತುರುಕಿದೆ.