ಕಾಲಂ ಹದಿನಾಲ್ಕು

ಹೆಬ್ಬಾಳದ ಕೈಗಾರಿಕಾ ಬಡಾವಣೆಯಲ್ಲಿ
ಷಡಕ್ಷರಿಯವರು ಬಾಯ್ಲರು ಮಾಡುತ್ತಾರೆ.
ನಮ್ಮ ಮನೆಗಿಂತ ದೊಡ್ಡದು, ಒಳಗೆ ನಿಂತು ಮಾತಾಡಿದರೆ
ಮಾತು ಒಂದು ಸುತ್ತು ಹಾಕಿ ವಾಪಸು ಬರುತ್ತದೆ.
ಈ ಸಲದ್ದು ಹಡಗು ಹತ್ತಿ ಹೋಗಬೇಕು
ನಾನು ಕಾಣದ ಒಂದು ನದಿಯ ದಡಕ್ಕೆ,
ಅಲ್ಲೊಂದು ಸಕ್ಕರೆ ಕಾರ್ಖಾನೆಗೆ.
ಕೊಂಡವರು ದುಡ್ಡು ಕೊಡದಿದ್ದರೆ ಸರ್ಕಾರ ಕೊಡುತ್ತದೆ:
ಆ ಭರವಸೆಯ ಕಾಗದ ನನ್ನ ಮೇಜಿನ ಮೇಲಿದೆ,
ಸಯ್ಯಾಜಿರಾವ್ ರಸ್ತೆಯ ಎರಡನೇ ಮಹಡಿಯಲ್ಲಿ,
ಫ್ಯಾನಿನ ಗಾಳಿಗೆ ಹಾರದಂತೆ ಪಂಚಿಂಗ್ ಮಷೀನು ಹೇರಿಸಿಕೊಂಡು.

ಹದಿನಾಲ್ಕನೇ ಕಾಲಂ: ಕೆಳಹರಿವಿನ ಜನವಸತಿ.
ಟೈಪಾಗಿ ಬಂದಿದೆ: ಅನ್ವಯಿಸುವುದಿಲ್ಲ.

ಅಪ್ಪ ನೀರುಗಂಟಿ. ಮದ್ದೂರಿನ ಕೆಳಗಿನ ನಾಲೆ.
ತೂಬಿನ ತಿರುಪಿಗೆ ಕೈ ಹಾಕುವ ಮುಂಚೆ
ಕತ್ತಲ ಕಡೆ ತಿರುಗಿ ಕೂಗುತ್ತಿದ್ದ:
"ತೂಬೆತ್ತಾ ಇವ್ನಿ ಕಣ್ರಪ್ಪೋ, ಕೆಳಗ್ ಯಾರಾರ ಇದ್ದೀರಾ?"
ಯಾರೋ ಓ ಅನ್ನುತ್ತಿದ್ದರು, ಎದ್ದು ದಡ ಸೇರುತ್ತಿದ್ದರು.
ಒಂದಿರುಳು ಯಾರೂ ಓ ಅನ್ನಲಿಲ್ಲ.
ಮೂರು ಸಲ ಕೂಗಿ, ಬ್ಯಾಟರಿ ಹಿಡಿದು ಇಳಿದೇ ಹೋದ,
ನಾನು ಹಿಂದೆ, ಅವನ ಪಂಚೆಯ ತುದಿ ಹಿಡಿದು.
ಸಿಕ್ಕಿದ್ದು ಒಂಟಿ ಚಪ್ಪಲಿ, ಎಡಗಾಲಿಂದು.
ಅದರ ಒಡೆಯನ್ನ ಹುಡುಕಿ ಮುಗಿಸುವಾಗ ಕೋಳಿ ಕೂಗಿತ್ತು.
ನೀರಿಗೆ ಕಾದವರು ಬೈದರು, ಆ ವರ್ಷದ ಭತ್ತದಲ್ಲಿ
ಎರಡು ಕೊಳಗ ಹಿಡಿದುಕೊಂಡರು.
"ಓ ಅನ್ನಲಿಲ್ಲ ಅಂದ್ರೆ ಇಲ್ಲ ಅಂತಲ್ಲ ಕಣಮ್ಮಿ" ಅಂದ,
ಅವ್ವನಿಗೋ ನನಗೋ ತಿಳಿಯಲಿಲ್ಲ.

ಷಡಕ್ಷರಿ ಕೆಟ್ಟವರಲ್ಲ. ನೂರಹತ್ತು ಜನರ ಅನ್ನ.
"ಮೇಡಂ, ಬೇರೆ ದೇಶದವರು ಇದನ್ನೆಲ್ಲ ಕೇಳೋದೇ ಇಲ್ಲ.
ನಾವು ಕೇಳ್ತಾ ಕೂತ್ರೆ ಆರ್ಡರು ಅವರ ಪಾಲು.
ನದಿ ಹೇಗೂ ಹಾಳಾಗುತ್ತೆ,
ನಮ್ಮ ವೆಲ್ಡರು ಹುಡುಗ್ರು ಯಾಕೆ ಹಸೀಬೇಕು?"
ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮಂಡ್ಯ ಸೀಮೆಯವಳಿಗೆ ಕಾಕಂಬಿ ನೀರಿನ ವಾಸನೆ ಹೇಳಿಕೊಡಬೇಕೆ?
ಕೊಳೆತ ಸಿಹಿ ಅದು, ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ.
ಗೆಂಡೆ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿಬಂದ ದಿನ
ಊರ ನಾಯಿಗಳೂ ಮುಟ್ಟಿರಲಿಲ್ಲ.

ಟೈಪಾದದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ
ಪೆನ್ನಿನಲ್ಲಿ ಬರೆದೆ: ಕೂಗಿ ನೋಡಿಲ್ಲ.

ಹೆಡ್ಡಾಫೀಸು ಕಡತ ಹಿಂದಿರುಗಿಸಿದೆ:
ಈ ಷರಾದ ಅರ್ಥ ತಿಳಿಸತಕ್ಕದ್ದು.
ಬರೆಯುತ್ತಿದ್ದೇನೆ. ಇದು ಮೂರನೇ ಹಾಳೆ.
ಅಲ್ಲಿ ಹೆಬ್ಬಾಳದ ಅಂಗಳದಲ್ಲಿ ಬಾಯ್ಲರು
ಟಾರ್ಪಾಲು ಹೊದ್ದು ಕೂತಿದೆ. ರಾತ್ರಿ ಕಾವಲಿನವನ ಕೆಮ್ಮು
ಒಳಗೆ ಒಂದು ಸುತ್ತು ಹಾಕಿ
ಅವನಿಗೇ ವಾಪಸು ಬರುತ್ತಿದೆ.